ಆ ಸಿಸ್ಟರ್ ಹೇಗಿದ್ದಾರೆ?

ನಮ್ಮ ಪೊರ್ಬುಗಳ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಏನು ಬೇಕಾದರೂ ತಿಳಿದುಕೊಳ್ಳಿ. ತಿಂಗಳ ಚಂದಾ ಕಟ್ಟಿ ನೋಡುವ ವಯಸ್ಕರ ಸೈಟುಗಳಲ್ಲಿ ಕನ್ಯಾಸ್ತ್ರೀಯ ವೇಷ ಹಾಕಿಕೊಂಡು ಕೂರುವ ಹೆಂಗಸರಿದ್ದಾರಲ್ಲ, ಅವರಲ್ಲಿ ಯಾರು ಉತ್ತಮರು ಎಂದು ತೀರ್ಮಾನಿಸುವಾಗ ಕಾಲರಿನ ಇಸ್ತ್ರಿಯನ್ನು ನೋಡಿದ ಗಂಡಸು ಈ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು. ಇಸ್ತ್ರಿ ಸರಿಯಿಲ್ಲವೆಂದು ಒಬ್ಬಾಕೆಯನ್ನು ಅವರು ಸ್ಪರ್ಧೆಯಿಂದಲೇ ಹೊರಗಿಟ್ಟರು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಬೆವರುತ್ತಿದ್ದೆ.

ಬೆವರುವುದು ನನ್ನ ಹುಟ್ಟುಗುಣ ಎಂದು ಹೆಂಡತಿ ಹೇಳುತ್ತಾಳೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಲಿಫ್ಟಿನಿಂದ ವಾಪಸು ಬರುವವನು ನಾನು. ಪರದೇಶದಲ್ಲಿ ದುಡಿಯಲು ಬೇಕಾದ ಪಾಸಿನ ನವೀಕರಣಕ್ಕೆ ಇನ್ನೂ ವರ್ಷವಿದೆ ಎನ್ನುವಾಗಲೇ ಅದು ಸಿಗದೆ ಹೋದರೆ ಮಕ್ಕಳ ಶಾಲೆಯ ಗತಿಯೇನು ಎಂದು ಲೆಕ್ಕ ಹಾಕುವವನು. ಇಂಥವನಿಗೆ ದೇವರು ಪೊರ್ಬುಗಳನ್ನು ಗಂಟು ಹಾಕಿದ. ಯಾಕೆ ಹಾಕಿದನೋ, ಅವನ ಲೀಲೆ.

ಪೊರ್ಬು ಎಂಬುದು ಅವರ ಹೆಸರಲ್ಲ. ನಮ್ಮ ಪುತ್ತೂರು, ಕಾರ್ಕಳದ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಅವರು ನನ್ನನ್ನು ಭಟ್ರು ಎನ್ನುತ್ತಾರೆ. ಇಬ್ಬರೂ ಈಗ ಸೈಬರ್‌ಜಯಾ ಎಂಬ ಪರದೇಶದ ಊರಿನ ಒಂದೇ ಕಾಂಡೋ ಕಟ್ಟಡದವರು, ಒಂದೇ ಆಫೀಸಿನವರು. ಕಾರು ಅವರದ್ದು, ಪಕ್ಕದ ಸೀಟಿನ ಚಿಂತೆ ನನ್ನದು. ಅವರಿಗೆ ಐವತ್ತು ದಾಟಿದೆ, ಮದುವೆಯಾಗಿಲ್ಲ. ಯಾಕಾಗಿಲ್ಲ ಎಂದು ಯಾರೋ ಕೇಳಿದಾಗ ನನ್ನ ಹೆಂಡತಿಯೇ ಉತ್ತರ ಕೊಟ್ಟಳು: "ಪೊರ್ಬುಗಳಿಗೆ ಹೋಲಿಸಿ ನೋಡಿ ಮುಗೀಲಿಲ್ಲ."

ನಮ್ಮ ಆಫೀಸು ಮಾಡುವುದೂ ಅದೇ ಕೆಲಸ, ಹೋಲಿಸಿ ನೋಡುವುದು. ಜಗತ್ತಿನಲ್ಲಿ ಮಾರಾಟಕ್ಕಿರುವ ಏನೇ ಇರಲಿ, ಅದರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂದು ದೂರದೇಶದ ವೆಬ್‌ಸೈಟುಗಳಿಗೆ ಬರೆದುಕೊಡುತ್ತೇವೆ. ಒಳ್ಳೆಯ ಮಿಕ್ಸಿ ಯಾವುದು, ಒಳ್ಳೆಯ ಹಾಸಿಗೆ ಯಾವುದು, ನಾಯಿಗೆ ಒಳ್ಳೆಯ ಶಾಂಪೂ ಯಾವುದು. ಬರೆಯುವವರು ಪೊರ್ಬುಗಳು, ತಿದ್ದುವವನು ನಾನು. ಬೇರೆ ಕಡೆಯಲ್ಲೆಲ್ಲ ಇಂಥದ್ದನ್ನು ಯಾರೂ ವಸ್ತು ನೋಡಿ ಬರೆಯುವುದಿಲ್ಲ. ನಾಲ್ಕು ಕಡೆ ಓದಿ ಐದನೆಯದನ್ನು ಬರೆಯುತ್ತಾರೆ. ಪೊರ್ಬುಗಳಿಗೆ ಅದು ಆಗದು. ಛತ್ರಿಯ ಬಗ್ಗೆ ಬರೆಯಬೇಕಾದಾಗ ಬಟ್ಟೆ ತೊಟ್ಟೇ ಛತ್ರಿ ಬಿಡಿಸಿ ಶವರಿನ ಕೆಳಗೆ ನಿಂತರು. ತಲೆದಿಂಬಿನ ಬಗ್ಗೆ ಬರೆಯುವಾಗ ಮಾಲಿನ ಅಂಗಡಿಯೊಂದಕ್ಕೆ ಹೋಗಿ ಪರೀಕ್ಷೆಗೆಂದು ಮಲಗಿ ನಿಜವಾಗಿಯೇ ನಿದ್ದೆ ಹೋದರು. ಸೆಕ್ಯುರಿಟಿಯವನು ತೋಳು ಅಲುಗಿಸಿ ಎಬ್ಬಿಸಿದಾಗ ಹೇಳಿದ್ದೇನು ಗೊತ್ತೇ? "ಇದು ಪಾಸ್." ಆ ದಿಂಬಿಗೇ ಮೊದಲ ಸ್ಥಾನ ಕೊಟ್ಟರು.

ಮಾಮಕ್ ಎಂದು ಇಲ್ಲಿ ಕರೆಯುವ ತಮಿಳು ಮುಸ್ಲಿಮರ ಚಹಾದಂಗಡಿಯಲ್ಲಿ ಅವರ ಜೊತೆ ಚಹಾ ಕುಡಿಯುವುದೂ ಒಂದು ಸಂಕಟ. ಮೊದಲು ಫ್ಯಾನಿನ ಗಾಳಿ ಎತ್ತ ಬೀಸುತ್ತದೆ ನೋಡಬೇಕು, ಆಮೇಲೆ ಟಿವಿ ಎಷ್ಟು ದೂರ, ಆಮೇಲೆ ತೆ ತಾರಿಕ್ ಎಂಬ ಹಾಲುಚಹಾವನ್ನು ಲೋಟದಿಂದ ಲೋಟಕ್ಕೆ ಎಳೆಯುವವನ ಕೈ ಎತ್ತರ. ಮೂರು ಟೇಬಲ್ ಬದಲಾಯಿಸಿದ ಮೇಲೆ ನಾವು ಕೂರುವುದು ಮೊದಲು ಕೂತಿದ್ದ ಟೇಬಲಿನಲ್ಲೇ. "ಈಗ ಧೈರ್ಯದಲ್ಲಿ ಕೂರ್‍ಬಹುದು ಭಟ್ರೆ" ಎನ್ನುತ್ತಾರೆ. ಅಷ್ಟರಲ್ಲಿ ನನ್ನ ಧೈರ್ಯ ಹೋಗಿರುತ್ತದೆ. ಅಂಗಡಿಯವರೆಲ್ಲ ನಮ್ಮನ್ನೇ ನೋಡುತ್ತಿರುತ್ತಾರೆ.

ಆಫೀಸಿಗೆ ಬರೆದದ್ದನ್ನೆಲ್ಲ ಅವರು ತಪ್ಪದೆ ಕಳಿಸುತ್ತಿದ್ದದ್ದು ಒಬ್ಬರಿಗೆ, ತಮ್ಮ ಅಕ್ಕನಿಗೆ. ಅಕ್ಕ ನಿಜವಾದ ಕನ್ಯಾಸ್ತ್ರೀ, ವಿಜಯಪುರದ ಕಡೆಯ ಒಂದು ಕಾನ್ವೆಂಟಿನಲ್ಲಿ ಕನ್ನಡ ಟೀಚರು. ತಾಯಿ ತೀರಿಕೊಂಡಾಗ ಪೊರ್ಬುಗಳು ಒಂದನೇ ಕ್ಲಾಸು. ಎತ್ತಿ ಆಡಿಸಿ ಓದಿಸಿದ್ದು ಈ ಅಕ್ಕ. ತಮ್ಮ ದೊಡ್ಡವನಾದ ಮೇಲೆಯೇ ಅವರು ಕಾನ್ವೆಂಟು ಸೇರಿದ್ದು. ಪ್ರತಿ ಭಾನುವಾರ ಸಂಜೆ ಫೋನು. ಏನೇ ಮಾತಾಡಲಿ, ಕೊನೆಗೆ ಪೊರ್ಬುಗಳು ಎಲ್ಲಿದ್ದರೂ ಎದ್ದು ನಿಂತು, ಚಪ್ಪಲಿ ಬಿಟ್ಟು, ಬೆಸಾಂವ್ ಕೇಳುತ್ತಿದ್ದರು. ಬೆಸಾಂವ್ ಅಂದರೆ ಅವರ ಕೊಂಕಣಿಯಲ್ಲಿ ಆಶೀರ್ವಾದ. ಸಂಜೆಯ ಜಪಮಾಲೆ ಮುಗಿದ ಮೇಲೆ ಮನೆಯ ಚಿಕ್ಕವರೆಲ್ಲ ಹಿರಿಯರ ಮುಂದೆ ಕೈಮುಗಿದು ಕೇಳುವುದು ಅವರಲ್ಲಿ ಪದ್ಧತಿಯಂತೆ, ಹಿರಿಯರು ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಬರೆಯುತ್ತಾರಂತೆ. ಐವತ್ತು ದಾಟಿದ ಮನುಷ್ಯ ಕಾರ್ ಪಾರ್ಕಿಂಗಿನಲ್ಲಿ ಬರಿಗಾಲಲ್ಲಿ ನಿಂತು ಫೋನಿಗೆ ತಲೆ ಬಾಗಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನಗೆ ನಗು ಬರುತ್ತಿತ್ತು, ಆದರೆ ಯಾವತ್ತೂ ನಕ್ಕಿಲ್ಲ.

ಹೀಗಿರುವಾಗ ಕ್ಲೈಂಟಿನ ಆ ಮೇಲ್ ಬಂತು. ಓದಿದವನೇ ಕೈಯಲ್ಲಿದ್ದ ಕರಿಪಫ್ ಕೆಳಗಿಟ್ಟೆ. ವಿಷಯ ನಾನು ಮೊದಲೇ ಹೇಳಿದ್ದು: ಚರ್ಚಿನ ವೇಷ ಹಾಕುವ ಹೆಂಗಸರಲ್ಲಿ ಚಂದಾದಾರರು ಯಾರನ್ನು ಆರಿಸಿಕೊಳ್ಳಬೇಕು ಎಂಬ ಮಾರ್ಗದರ್ಶಿ! ನನ್ನ ಕಣ್ಣ ಮುಂದೆ ಎಲ್ಲವೂ ಸಾಲಾಗಿ ಬಂತು. ಎದುರಿಗೇ ಕೂರುವ ಎಚ್‌ಆರ್ ವಿಭಾಗದ ಅಕ್ಕ, ಐದು ಹೊತ್ತು ನಮಾಜು ಮಾಡುವವರು. ಇಮಿಗ್ರೇಶನ್ ಕೌಂಟರು. ನನ್ನ ಹೆಂಡತಿ. ಮನೆಯ ದೇವರ ಕೋಣೆ. ಬಾಸ್ ಹತ್ತಿರ ಓಡಿದೆ. ಅವರು ಇಲ್ಲಿಯ ಚೀನೀ ಹೆಂಗಸು, ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವರಲ್ಲ.

"ಓನ್ಲಿ ಲಿಸ್ಟ್ ಲಾ. ದಟ್ ಸೈಟ್ ಹಿಯರ್ ಬ್ಲಾಕ್ ಆಲ್ಸೋ. ಯೂ ಸೀ ಫೇಸ್ ಓನ್ಲಿ" ಎಂದರು.

ಮಾತು ನಿಜ. ಈ ದೇಶದಲ್ಲಿ ಅಂಥ ಸೈಟು ತೆರೆಯುವುದಿಲ್ಲವಾದ್ದರಿಂದ ಕ್ಲೈಂಟು ಎಲ್ಲರ ಚಿತ್ರಗಳನ್ನೂ ಕುತ್ತಿಗೆಯ ಕೆಳಗೆ ಕತ್ತರಿಸಿ ಕಳಿಸಿದ್ದ, ಜೊತೆಗೆ ಅವರವರು ತಮ್ಮ ಬಗ್ಗೆ ಬರೆದುಕೊಂಡ ನಾಲ್ಕು ಸಾಲು. ಮಾವಿನಹಣ್ಣನ್ನು ತೊಟ್ಟು ನೋಡಿ ಆರಿಸಿದ ಹಾಗೆ. ಆದರೂ ನನಗೆ ಸಮಾಧಾನವಿಲ್ಲ. ಕಾನೂನು ಕುತ್ತಿಗೆಯಿಂದ ಮೇಲೆ ಹಿಡಿಯುತ್ತದೋ ಕೆಳಗೆ ಹಿಡಿಯುತ್ತದೋ ಯಾರಿಗೆ ಗೊತ್ತು?

ನನ್ನ ಕೊನೆಯ ಆಸೆ ಪೊರ್ಬುಗಳ ಮೇಲಿತ್ತು. ಭಾನುವಾರ ಚರ್ಚಿನಲ್ಲಿ ಹಾಡುವವರು, ಊಟಕ್ಕೆ ಮುಂಚೆ ಶಿಲುಬೆ ಹಾಕಿಕೊಳ್ಳುವವರು, ಖಂಡಿತ ಆಗುವುದಿಲ್ಲ ಎನ್ನುತ್ತಾರೆ, ಅಲ್ಲಿಗೆ ನನ್ನ ತಲೆಯ ಮೇಲಿನದ್ದು ಇಳಿಯುತ್ತದೆ ಎಂದುಕೊಂಡೆ. ಅವರು ಮೇಲ್ ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೊಮ್ಮೆ ಓದಿದರು.

"ಇದಕ್ಕೆ ನಾವು ಎಂತ ನೋಡಿ ಮಾರ್ಕ್ ಕೊಡುವುದು ಭಟ್ರೆ?"

"ಪೊರ್ಬುಗಳೇ, ನೀವು ಇದನ್ನು ಬರೀತೀರಾ?"

"ನಾನು ಬಿಟ್ರೆ ಬೇರೆ ಯಾರೋ ಬರೀತಾರೆ. ಅವರಿಗೆ ಸಿಸ್ಟರುಗಳ ತಲೆಯ ವೇಲಿನ ಬಗ್ಗೆ ಎಂತ ಗೊತ್ತುಂಟು?"

ನೋಡಿ, ಮನುಷ್ಯನ ಹುಚ್ಚು ಎಲ್ಲಿಂದ ಹೇಗೆ ಒಳಗೆ ಬರುತ್ತದೆ. ಪಾಪವೋ ಪುಣ್ಯವೋ ಎಂಬುದು ಆಮೇಲಿನ ಮಾತು. ತಪ್ಪು ಮಾಹಿತಿ ಮಾತ್ರ ಹೋಗಬಾರದು. ಹಾಗೆ ಶುರುವಾಯಿತು ಆ ವಾರ. ನಾನು ಎಚ್‌ಆರ್ ಅಕ್ಕನ ಕಣ್ಣಿಗೆ ಬೀಳದಂತೆ ಮಾನಿಟರಿನ ಬದಿಗೆ ಒಂದು ಕ್ಯಾಲೆಂಡರ್ ಆನಿಸಿಟ್ಟೆ. ಪೊರ್ಬುಗಳಿಗೆ ಅದರ ಪರಿವೆಯೇ ಇಲ್ಲ. ಚಿತ್ರವನ್ನು ದೊಡ್ಡದು ಮಾಡಿ, ಮೂಗು ಸ್ಕ್ರೀನಿಗೆ ತಾಗಿಸಿ, ದೊಡ್ಡ ದನಿಯಲ್ಲಿ ತೀರ್ಪು ಕೊಡುತ್ತಿದ್ದರು.

"ಇವಳನ್ನು ತೆಗೀರಿ. ಜಪಸರ ಕುತ್ತಿಗೆಗೆ ಹಾಕಿದ್ದಾಳೆ. ಅದೆಂತ ನೆಕ್ಲೇಸಾ?"

"ಮೆಲ್ಲ ಹೇಳಿ ಮಾರಾಯ್ರೆ."

"ಇವಳು ನೋಡಿ, ಬಿಳಿ ವೇಲ್. ಬಿಳಿ ಅಂದ್ರೆ ನೋವಿಸ್, ಇನ್ನೂ ಕಲೀತಾ ಇರುವವಳು. ಕೆಳಗೆ ಮದರ್ ಸುಪೀರಿಯರ್ ಅಂತ ಬರ್ಕೊಂಡಿದ್ದಾಳೆ. ಯಾರು ಪ್ರಮೋಷನ್ ಕೊಟ್ಟದ್ದು?"

ಇನ್ನೊಬ್ಬಾಕೆ ಕುತ್ತಿಗೆಯ ಸುತ್ತ ನೇರಳೆ ಬಣ್ಣದ ಪಟ್ಟಿ ಹಾಕಿದ್ದಳು. ಅದು ಪಾದ್ರಿಗಳು ಮಾತ್ರ ಹಾಕುವಂಥದ್ದಂತೆ, ಅದೂ ಉಪವಾಸದ ಕಾಲದಲ್ಲಿ. ಪೊರ್ಬುಗಳು ಕುರ್ಚಿಯಿಂದ ಎದ್ದೇ ಬಿಟ್ಟರು. ಎಚ್‌ಆರ್ ಅಕ್ಕ ಕ್ಯಾಲೆಂಡರಿನ ಮೇಲಿಂದ ಇಣುಕಿ, ಎಲ್ಲ ಸರಿಯಿದೆಯೇ ಎಂದು ಕೇಳಿದರು. "ರೈಸ್ ಕುಕ್ಕರ್" ಎಂದೆ ನಾನು. ಬಾಯಿಗೆ ಬಂದದ್ದು ಅದೇ. ಅವರು ತಲೆಯಾಡಿಸಿ ಕೂತರು.

ಕೊನೆಗೆ ಪೊರ್ಬುಗಳು ಒಬ್ಬಾಕೆಯ ಚಿತ್ರದ ಮುಂದೆ ನಿಂತರು. ವಯಸ್ಸು ನಲವತ್ತರ ಹತ್ತಿರ, ಸಾಧಾರಣ ಮುಖ, ಕಪ್ಪು ವೇಲು. ಯಾವ ದೇಶದವಳೋ. ತನ್ನ ಬಗ್ಗೆ ಹೆಚ್ಚೇನೂ ಬರೆದುಕೊಂಡಿರಲಿಲ್ಲ. ಪೊರ್ಬುಗಳು ಆ ಚಿತ್ರವನ್ನು ದೊಡ್ಡದು ಮಾಡುತ್ತಾ ಎಷ್ಟು ಹತ್ತಿರ ಬಗ್ಗಿದರೆಂದರೆ ನನಗೆ ಬೇರೆಯೇ ಗಾಬರಿಯಾಯಿತು.

"ಭಟ್ರೆ, ಇಲ್ಲಿ ನೋಡಿ. ಕಿವಿಯ ಹಿಂದೆ."

ನೋಡಿದೆ. ಕಿವಿಯ ಹಿಂದೆ ಬಟ್ಟೆಯ ಮಡಿಕೆಯಲ್ಲಿ ಸಾಸಿವೆಯಷ್ಟು ಏನೋ ಮಿಣುಕುತ್ತಿತ್ತು.

"ಪಿನ್. ಒಳಗಿಂದ ಅಡ್ಡ ಚುಚ್ಚಿದ್ದು. ನಮ್ಮಕ್ಕ ಹಾಗೇ ಹಾಕುವುದು. ಇವಳೇ ಫಸ್ಟ್." ಎಂದು ಹೇಳಿ, ಸ್ವಲ್ಪ ಯೋಚಿಸಿ, "ಆದ್ರೂ ಕೇಳಿಯೇ ಬರೆಯುವುದು ಒಳ್ಳೇದು" ಎಂದರು.

ನಾನು ಯಾರನ್ನು ಎಂದು ಕೇಳುವಷ್ಟರಲ್ಲಿ ಅವರ ಹೆಬ್ಬೆರಳು ಕೆಲಸ ಮುಗಿಸಿತ್ತು. ಆ ಹೆಂಗಸಿನ ಚಿತ್ರವನ್ನು ವಾಟ್ಸಾಪಿನಲ್ಲಿ ಅಕ್ಕನಿಗೇ ಕಳಿಸಿಬಿಟ್ಟಿದ್ದರು! ಕೆಳಗೆ ಒಂದು ಪ್ರಶ್ನೆ: ಪಿನ್ನು ಹೀಗೆ ಹಾಕುವುದು ಸರಿಯೋ?

ಅಳಿಸಿ, ಅಳಿಸಿ ಎಂದೆ. ಯಾಕೆ ಎಂದರು. ಯಾಕೆ ಎಂದು ವಿವರಿಸುವಷ್ಟರಲ್ಲಿ ಎರಡು ನೀಲಿ ಗೆರೆ ಬಿತ್ತು, ಹಿಂದೆಯೇ ಉತ್ತರವೂ ಬಂತು. ತುಂಬಾ ಸರಿಯಾಗಿದೆ, ನಮ್ಮ ಹಳೆಯ ಸಿಸ್ಟರುಗಳು ಹಾಗೇ ಕಲಿಸುತ್ತಿದ್ದರು, ಗಾಳಿಗೆ ವೇಲು ಹಾರುವುದಿಲ್ಲ. ಈ ಸಿಸ್ಟರ್ ಯಾರು? ಯಾವ ಕಾನ್ವೆಂಟಿನವರು? ಮುಖ ಬಾಡಿದೆ, ಹುಷಾರಿಲ್ಲವೇ? ನಾನು ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳುತ್ತೇನೆ.

ಆಗ ಪೊರ್ಬುಗಳಿಗೆ ತಾವು ಮಾಡಿದ್ದು ಅರ್ಥವಾಯಿತು. ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಕಳಿಸಿದ್ದು ಇಷ್ಟೇ: ಆಫೀಸಿನ ಕೆಲಸದಲ್ಲಿ ಪರಿಚಯ ಅಕ್ಕ, ಚೆನ್ನಾಗಿದ್ದಾರೆ.

ಅಕ್ಕನಿಗೆ ಅವರು ಹೇಳಿದ ಮೊದಲ ಸುಳ್ಳು ಅದು. ಹಾಗೆಂದು ಅವರೇ ನನಗೆ ಕಾರಿನಲ್ಲಿ ಹೇಳಿದರು.

ಲೇಖನ ಕ್ಲೈಂಟಿಗೆ ಹೋಯಿತು, ಅಕ್ಕನಿಗೆ ಹೋಗಲಿಲ್ಲ. ಕ್ಲೈಂಟು ಕುಣಿದಾಡಿದ. ಇಷ್ಟು ಆಳವಾದ ವಿಮರ್ಶೆಯನ್ನು ತಾನು ಈ ಕ್ಷೇತ್ರದಲ್ಲಿ ಕಂಡೇ ಇಲ್ಲವೆಂದೂ ಪಾದ್ರಿ ವೇಷದವರ ಬಗ್ಗೆ ಇನ್ನೊಂದು ಬೇಕೆಂದೂ ಬರೆದ. ಪೊರ್ಬುಗಳು ಮೊದಲ ಬಾರಿಗೆ ಕೆಲಸವೊಂದನ್ನು ಬೇಡವೆಂದರು. ಬಾಸ್ ಹೆಗಲು ಕುಣಿಸಿ ಅವರಿಗೆ ನೀರಿನ ಫಿಲ್ಟರಿನ ಬಗ್ಗೆ ಬರೆಯಲು ಕೊಟ್ಟರು. ಅಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ.

ಮುಗಿದಿರಲಿಲ್ಲ. ಭಾನುವಾರ ಅಕ್ಕನ ಫೋನು ಬಂತು. "ಆ ಸಿಸ್ಟರ್ ಹೇಗಿದ್ದಾರೆ?" ಮುಂದಿನ ಭಾನುವಾರವೂ ಅದೇ. ಕಾನ್ವೆಂಟಿನಲ್ಲಿ ಎಲ್ಲರೂ ಆ ಸಿಸ್ಟರಿಗಾಗಿ ಪ್ರಾರ್ಥನೆ ಮಾಡುತ್ತಿದ್ದಾರಂತೆ. ಪೊರ್ಬುಗಳು ಚೆನ್ನಾಗಿದ್ದಾರೆ ಎನ್ನುವುದು, ಮಾತು ಬದಲಿಸುವುದು, ಬೆಸಾಂವ್ ಕೇಳುವ ಹೊತ್ತಿಗೆ ಸರಿಯಾಗಿ "ಅಕ್ಕ, ನೆಟ್‌ವರ್ಕ್ ಇಲ್ಲ" ಎಂದು ಫೋನು ಇಡುವುದು. ಎಲ್ಲಿ? ಸೈಬರ್‌ಜಯಾದಲ್ಲಿ! ಮೂಲೆಗೊಂದು ಡೇಟಾ ಸೆಂಟರ್ ಇರುವ ಊರಿನಲ್ಲಿ ನೆಟ್‌ವರ್ಕ್ ಇಲ್ಲವೆಂದರೆ ನಂಬುವವರು ಆ ಅಕ್ಕನಂಥವರು ಮಾತ್ರ.

"ಕೇಳಿಬಿಡಿ ಪೊರ್ಬುಗಳೇ, ಒಂದು ಆಶೀರ್ವಾದ ತಾನೇ" ಎಂದೆ.

"ಸುಳ್ಳು ಹೇಳಿದ ಬಾಯಲ್ಲಿ ಬೆಸಾಂವ್ ಕೇಳ್ಲಿಕ್ಕೆ ಆಗುದಿಲ್ಲ ಭಟ್ರೆ. ನಿಜ ಹೇಳಿದ್ರೆ ಅಕ್ಕ ಕೊಡ್ತಾಳೋ ಇಲ್ವೋ."

ಅವರ ಹೋಲಿಸುವ ಹುಚ್ಚೆಲ್ಲ ಇಳಿದುಹೋಯಿತು. ಮಾಮಕ್‌ನಲ್ಲಿ ಸಿಕ್ಕಿದ ಟೇಬಲಿಗೆ ಕೂರುತ್ತಿದ್ದರು, ಕೊಟ್ಟ ಚಹಾ ಕುಡಿಯುತ್ತಿದ್ದರು. ನೀರಿನ ಫಿಲ್ಟರಿನ ಲೇಖನವನ್ನು ನಾಲ್ಕು ಕಡೆ ಓದಿ ಬರೆದರು. ಅದನ್ನು ತಿದ್ದುವಾಗ ನನಗೆ ಅಳು ಬಂತು. ನಾನು ಎಷ್ಟು ಸಲ ಆ ಮನುಷ್ಯನ ಕಾಟ ತಪ್ಪಲಿ ಎಂದು ಬೇಡಿಕೊಂಡಿಲ್ಲ? ಈಗ ಅದು ತಪ್ಪಿದ ಮೇಲೆ ನನಗೇ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಸಿಡಿಲು ಬಡಿಯಿತು. ಅಕ್ಕ ಬರುತ್ತಿದ್ದಾರೆ! ಅವರ ಸಂಸ್ಥೆಯ ಸಭೆಗೆಂದು ಫಿಲಿಪೈನ್ಸ್‌ಗೆ ಹೋಗುವವರು, ದಾರಿಯಲ್ಲಿ ತಮ್ಮನ ಮನೆಯಲ್ಲಿ ಎರಡು ದಿನ ತಂಗುತ್ತಾರೆ. ಜೀವನದಲ್ಲಿ ಮೊದಲ ವಿಮಾನ. ನೋಡಬೇಕಾದದ್ದು ಏನೇನು ಎಂದು ಪೊರ್ಬುಗಳು ಕೇಳಿದ್ದಕ್ಕೆ, ಅವಳಿ ಗೋಪುರ ಗೀಪುರ ಬೇಡ, ಆ ಸಿಸ್ಟರನ್ನು ಒಮ್ಮೆ ಭೇಟಿ ಮಾಡಿಸು ಸಾಕು ಎಂದರಂತೆ.

ಈಗ ನನಗೆ ಸುಮ್ಮನಿರಲಾಗಲಿಲ್ಲ. ಚಿಂತೆಯಲ್ಲಿ ನನಗಿರುವ ಅನುಭವ ಪೊರ್ಬುಗಳಿಗಿಲ್ಲ. ಉಪಾಯ ನಾನೇ ಹೂಡಿದೆ: ಆ ಸಿಸ್ಟರಿಗೆ ವರ್ಗವಾಗಿದೆ. ಕಾನ್ವೆಂಟಿನವರಿಗೆ ವರ್ಗವೇನು ಹೊಸದೇ? ದೂರದ ಆಫ್ರಿಕಾ. ಫೋನು ಸಿಗದ ಜಾಗ. ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ಅಭ್ಯಾಸ ಮಾಡಿಸಿದೆ. ನಾನು ಅಕ್ಕ, ಅವರು ತಮ್ಮ.

"ಆ ಸಿಸ್ಟರ್ ಹೇಗಿದ್ದಾರೆ?" ಎಂದೆ ಹೆಂಗಸಿನ ದನಿಯಲ್ಲಿ.

"ವರ್ಗ ಆಯ್ತು ಅಕ್ಕ."

"ಎಲ್ಲಿಗೆ?"

ಪೊರ್ಬುಗಳು ಟೋಲ್ ಗೇಟಿನಲ್ಲಿ ಕಾರ್ಡು ತಾಗಿಸಿದರು. ಆಮೇಲೆ, "ಆಫ್ರಿಕಾದಲ್ಲಿ ಯಾವ ದೇಶ ಒಳ್ಳೇದು ಭಟ್ರೆ?" ಎಂದರು. ಹಳೆಯ ಪೊರ್ಬುಗಳು ಒಂದು ಕ್ಷಣ ಇಣುಕಿದರಲ್ಲ ಎಂದು ನನಗೆ ಖುಷಿಯಾಯಿತು.

ಅಕ್ಕ ಗೇಟಿನಿಂದ ಹೊರಗೆ ಬಂದರು. ಗಿಡ್ಡ ಮೈಕಟ್ಟು, ಬೂದು ಬಣ್ಣದ ಉಡುಪು, ತಲೆಗೆ ಕಪ್ಪು ವೇಲು, ಕೈಯಲ್ಲಿ ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆ. ನನ್ನ ಕಣ್ಣು ಮೊದಲು ಹೋದದ್ದು ಕಿವಿಯ ಹಿಂದಕ್ಕೆ. ಸಾಸಿವೆಯಷ್ಟು ಮಿಣುಕು ಅಲ್ಲಿತ್ತು.

"ನೀವೇನ್ರೀ ಭಟ್ರು? ಇವ ಬರೀ ನಿಮ್ಮ ಸುದ್ದೀನೇ ಹೇಳ್ತಾನ" ಎಂದರು. ಎಷ್ಟೋ ವರ್ಷ ಬಯಲುಸೀಮೆಯಲ್ಲಿ ಪಾಠ ಮಾಡಿ ಅವರ ಕನ್ನಡಕ್ಕೆ ಅಲ್ಲಿಯ ರಾಗ ಬಂದಿತ್ತು. ನಾನು ಕೈಮುಗಿದೆ.

ಸಂಜೆ ಪೊರ್ಬುಗಳು ನನ್ನನ್ನು ಜೊತೆಗಿರಲಿ ಎಂದು ಮನೆಗೆ ಕರೆದರು. ಹೆಂಡತಿ ಕಟ್ಟಿಕೊಟ್ಟ ಪತ್ರೊಡೆ ಹಿಡಿದು ಹೋದೆ. ಅಕ್ಕ ಪೆಟ್ಟಿಗೆ ಬಿಚ್ಚಿದರು. ತಮ್ಮನಿಗೆ ಶೇಂಗಾ ಹೋಳಿಗೆ, ಖಡಕ್ ರೊಟ್ಟಿ. ನನ್ನ ಮಕ್ಕಳಿಗೆ ಕರದಂಟು. ಕೊನೆಗೆ ಕರವಸ್ತ್ರದಲ್ಲಿ ಸುತ್ತಿದ ಒಂದು ಪುಟ್ಟ ಡಬ್ಬಿ.

"ಇದು ಆ ಸಿಸ್ಟರಿಗೆ. ಕಪ್ಪು ತಲೆಯ ಪಿನ್ನು. ಈಗೆಲ್ಲ ಸಿಗೂದಿಲ್ಲ ಇವು. ನಾಳೆ ಹೋಗೂಣಲ್ಲ?"

ನಾನು ಪೊರ್ಬುಗಳತ್ತ ನೋಡಿದೆ. ಆಫ್ರಿಕಾ ಎಂದು ತುಟಿಯಲ್ಲೇ ಹೇಳಿದೆ. ಅವರು ಗೋಡೆ ನೋಡುತ್ತಿದ್ದರು. ಅಕ್ಕ ಅಷ್ಟರಲ್ಲಿ ಏಸುವಿನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಜಪಸರ ತೆಗೆದಿದ್ದರು. ನಾನು ಸೋಫಾದ ತುದಿಯಲ್ಲಿ ಮುದುಡಿ ಕೂತೆ.

ಪ್ರಾರ್ಥನೆ ಕೊಂಕಣಿಯಲ್ಲಿ. ಅಕ್ಕ ಅರ್ಧ ಹೇಳುವುದು, ತಮ್ಮ ಉಳಿದರ್ಧ ಹೇಳುವುದು. ಶಬ್ದ ತಿಳಿಯದಿದ್ದರೂ ಆ ಲಯಕ್ಕೆ ನನ್ನ ಚಿಂತೆಯೂ ಸ್ವಲ್ಪ ತಗ್ಗಿತು. ಕೊನೆಯ ಸುತ್ತು ಶುರುವಾಗುವ ಮೊದಲು ಅಕ್ಕ ಏನೋ ಹೇಳಿದರು, ಅದರಲ್ಲಿ ಸಿಸ್ಟರ್ ಎಂಬ ಶಬ್ದ ಕೇಳಿಸಿತು. ಈ ಸುತ್ತು ಆಕೆಗಾಗಿ ಎಂದಿರಬೇಕು. ಅಕ್ಕ ತಾವು ಹೇಳುವ ಅರ್ಧ ಹೇಳಿ ನಿಲ್ಲಿಸಿದರು. ತಮ್ಮನಿಂದ ಉಳಿದರ್ಧ ಬರಲಿಲ್ಲ. ಅಕ್ಕ ಮತ್ತೆ ಹೇಳಿದರು. ಆಗಲೂ ಬರಲಿಲ್ಲ. ಆಮೇಲೆ ಅವರೇ ಎರಡೂ ಅರ್ಧ ಹೇಳಿ ಮುಗಿಸಿದರು, ಎದ್ದು ತಮ್ಮನ ಕಡೆ ತಿರುಗಿ ಕೈ ಎತ್ತಿ ನಿಂತರು. ಬೆಸಾಂವ್ ಕೇಳುವ ಹೊತ್ತು. ಪೊರ್ಬುಗಳು ಕೈಮುಗಿಯಲಿಲ್ಲ.

ಕೊಂಕಣಿಯಲ್ಲೇ ಹೇಳತೊಡಗಿದರು. ನನಗೆ ತಿಳಿದದ್ದು ನಡುನಡುವೆ ಬಂದ ಕ್ಲೈಂಟ್, ಸೈಟ್, ಸಬ್‌ಸ್ಕ್ರಿಪ್ಷನ್. ಅಷ್ಟೇ ಸಾಕಾಗಿತ್ತು. ಆಫ್ರಿಕಾ ಬರಲೇ ಇಲ್ಲ. ಹೇಳಿ ಮುಗಿಸಿದ ಮೇಲೆ ಅಕ್ಕ ಕೈ ಇಳಿಸಿ ನನ್ನ ಕಡೆ ನೋಡಿದರು.

"ಖರೇ ಏನ್ರೀ ಭಟ್ರೇ?"

"ಖರೇ ಸಿಸ್ಟರ್. ಆದರೆ ಕುತ್ತಿಗೆಯಿಂದ ಮೇಲೆ ಮಾತ್ರ" ಎಂದೆ. ಬೇರೆ ಏನು ಹೇಳಲಿ?

ಅಕ್ಕ ಕುರ್ಚಿ ಎಳೆದು ಕೂತರು. ಬಹಳ ಹೊತ್ತು ಜಪಸರದ ಮಣಿ ಒಂದನ್ನೇ ತಿರುವುತ್ತಿದ್ದರು. ಮುಖದಲ್ಲಿ ಸಿಟ್ಟಿತ್ತೋ ದುಃಖವಿತ್ತೋ ನನಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ, ಈ ಹೆಂಗಸು ಈಗ ಎದ್ದು ಪೆಟ್ಟಿಗೆ ಕಟ್ಟಿದರೆ ನಮ್ಮ ಪೊರ್ಬುಗಳು ಮತ್ತೆ ಯಾವ ಟೇಬಲನ್ನೂ ಬದಲಾಯಿಸುವುದಿಲ್ಲ.

"ಆ ಚಿತ್ರ ತೋರಿಸು" ಎಂದರು.

ಪೊರ್ಬುಗಳು ಟ್ಯಾಬ್ ತಂದು ಆ ಲೇಖನವಿದ್ದ ಕ್ಲೈಂಟಿನ ಪುಟ ತೆಗೆದರು. ಅಕ್ಕ ಅದನ್ನು ದೀಪದ ಹತ್ತಿರ ಹಿಡಿದು ನೋಡಿದರು.

"ವೇಷದ ಅಂಗಡಿಯ ವೇಲಿಗೆ ಎಲಾಸ್ಟಿಕ್ ಇರತದ. ನಮ್ಮ ಶಾಲೆ ನಾಟಕಕ್ಕ ನಾನೇ ತಂದೀನಿ. ಅದಕ್ಕ ಪಿನ್ನು ಬೇಕಾಗಂಗಿಲ್ಲ." ತಮ್ಮದೇ ಕಿವಿಯ ಹಿಂದೆ ಮುಟ್ಟಿಕೊಂಡರು. "ಇದು ಯಾರೋ ಕಲಿಸಿದ್ದು. ಕೂಡಿಸಿಕೊಂಡು, ಕೈ ಹಿಡಿದು ಕಲಿಸಿದ್ದು. ಈಕಿ ಎಲ್ಲೋ ಇದ್ದು ಬಿಟ್ಟು ಬಂದಾಕಿ."

ಅಕ್ಕ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡರು.

"ನಮ್ಮಲ್ಲಿಂದನೂ ಹೋಗ್ಯಾರ. ಬೆಳಿಗ್ಗೆ ಎದ್ದು ನೋಡಿದರ ಹಾಸಿಗೆ ಮಡಿಚಿಟ್ಟಿರತದ, ಅವರು ಇರಂಗಿಲ್ಲ. ಎಲ್ಲಿ ಹೋದ್ರು, ಏನು ಉಂಡ್ರು, ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬೆಸಾಂವ್ ತಗೊಳ್ಳದೇ ಹೋದ್ರು."

ಹಾಗೆಂದವರು ಹೆಬ್ಬೆರಳನ್ನು ಆ ಚಿತ್ರದ ಹಣೆಯ ಮೇಲಿಟ್ಟು ನಿಧಾನಕ್ಕೆ ಶಿಲುಬೆ ಬರೆದರು. ಬೆರಳು ತಾಗಿದ್ದೇ ತಡ, ಚಿತ್ರದ ಹಿಂದಿದ್ದ ಕೊಂಡಿ ತೆರೆಯಲು ಹೋಗಿ, ಚಿತ್ರ ಮಾಯವಾಗಿ, ಈ ತಾಣಕ್ಕೆ ಇಲ್ಲಿ ಪ್ರವೇಶವಿಲ್ಲ ಎಂಬ ಸರಕಾರದ ನೋಟೀಸು ಬಂತು.

"ಏನಾತು?"

"ಇಲ್ಲಿ ಅದು ತೆರೆಯುದಿಲ್ಲ ಅಕ್ಕ. ಬಾಗಿಲು ಹಾಕಿದ್ದಾರೆ."

"ಹಾಕಲಿ. ಹೊರಗಿಂದ ಕೊಟ್ಟರೂ ಮುಟ್ಟತದ." ಟ್ಯಾಬನ್ನು ಮೇಜಿನ ಮೇಲಿಟ್ಟು ತಮ್ಮನತ್ತ ತಿರುಗಿದರು. "ಆ ಕೆಲಸ ಮತ್ತ ಮಾಡಬ್ಯಾಡ. ಸುಳ್ಳು ಅಂತೂ ಬ್ಯಾಡೇ ಬ್ಯಾಡ. ಈಗ ಯಾಕ ದೂರ ನಿಂತಿ? ಬಾ."

ಪೊರ್ಬುಗಳು ಚಪ್ಪಲಿ ಬಿಡಲು ಬಗ್ಗಿದರು. ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ. ಬಗ್ಗಿದವರು ಹಾಗೆಯೇ ಅಕ್ಕನ ಮುಂದೆ ಮಂಡಿಯೂರಿದರು. ನಾನು ಪತ್ರೊಡೆ ಬಿಸಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಯಾವ ಗುಂಡಿ ಒತ್ತಬೇಕೆಂದು ತೋಚದೆ ಮೈಕ್ರೋವೇವಿನ ಮುಂದೆ ನಿಂತಿದ್ದೆ.

ಅಕ್ಕ ಸಭೆ ಮುಗಿಸಿ ಊರಿಗೆ ಮರಳಿದರು. ಪಿನ್ನಿನ ಡಬ್ಬಿ ಪೊರ್ಬುಗಳ ಆಫೀಸಿನ ಮೇಜಿನ ಮೇಲಿದೆ. ವಿಳಾಸ ಗೊತ್ತಿಲ್ಲ, ಕಳಿಸುವುದೆಲ್ಲಿಗೆ? ಮಾಮಕ್‌ನಲ್ಲಿ ಟೇಬಲ್ ಬದಲಾಯಿಸುವುದು ಮತ್ತೆ ಶುರುವಾಗಿದೆ, ಈಗ ಮಾಣಿಯ ಚಪ್ಪಲಿಯ ಸದ್ದನ್ನೂ ಪರೀಕ್ಷಿಸುತ್ತಾರೆ. ನಾನು ಗೊಣಗುತ್ತಾ ಹಿಂದಿನಿಂದ ಲೋಟ ಹಿಡಿದು ಹೋಗುತ್ತೇನೆ.

ಮೊನ್ನೆ ಕ್ಲೈಂಟಿನ ಇನ್ನೊಂದು ಮೇಲ್ ಬಂತು. ಹಳೆಯ ಮಾರ್ಗದರ್ಶಿಯಲ್ಲಿ ಮೊದಲ ಸ್ಥಾನದ ಹೆಂಗಸು ತನ್ನ ಪುಟ ಮುಚ್ಚಿಕೊಂಡು ಹೋಗಿದ್ದಾಳೆ, ಆ ಹೆಸರು ತೆಗೆಯಿರಿ ಎಂದು. ತೆಗೆಯಬೇಕಾದವನು ನಾನು. ಪೊರ್ಬುಗಳಿಗೆ ತೋರಿಸಿದೆ. ತೆಗೆದೆ. ತೆಗೆದ ಮೇಲೆ ಎಲ್ಲಿ ಹೋದಳು, ಏನು ಉಂಡಳು ಎಂಬ ಚಿಂತೆ ಹತ್ತಿತು. ಚಿಂತೆಗೆ ನನ್ನಲ್ಲಿ ಜಾಗಕ್ಕೇನು ಕೊರತೆ? ಆದರೆ ಇದು ಪಾಸಿನ ಚಿಂತೆಯ ಹಾಗಿರಲಿಲ್ಲ.

ಭಾನುವಾರ ಸಂಜೆ ಮಾಮಕ್‌ನ ಹೊರಗೆ ಕಾರಿನ ಹತ್ತಿರ ನಿಂತಿದ್ದೆವು. ಫೋನು ಬಂತು. ಪೊರ್ಬುಗಳು ಸ್ಪೀಕರ್ ಹಾಕಿದರು.

"ಆ ಸಿಸ್ಟರ್ ಹೇಗಿದ್ದಾರೆ?"

ಪೊರ್ಬುಗಳು ನನ್ನ ಮುಖ ನೋಡಿದರು. "ಗೊತ್ತಿಲ್ಲ ಅಕ್ಕ. ಅಲ್ಲಿಂದಲೂ ಹೋಗಿದ್ದಾರೆ."

ಪೊರ್ಬುಗಳು ಚಪ್ಪಲಿ ಬಿಟ್ಟರು, ಕೈಮುಗಿದರು. "ಬೆಸಾಂವ್ ಕೊಡು ಅಕ್ಕ" ಎಂದವರು, ತಡೆದು, "ಆ ಸಿಸ್ಟರಿಗೂ ಸೇರಿಸಿ ಇಬ್ಬರಿಗೆ ಕೊಡು" ಎಂದರು.

ನಾನೂ ಚಪ್ಪಲಿ ಬಿಟ್ಟೆ. ನೆಲ ಇನ್ನೂ ಬಿಸಿಯಿತ್ತು.

"ಪೊರ್ಬುಗಳೇ" ಎಂದೆ, "ಮೂವರಿಗೆ ಅಂತ ಹೇಳಿ."